ರಕ್ತ ಹೆಪ್ಪುಗಟ್ಟುವ ಗುಣ ಮನೆತನದಲ್ಲಿ ಬರುತ್ತದಾ? ರಕ್ತರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಎರಡು ಗಂಟೆ ಹೊತ್ತು ಈ ಗುಂಪಿನಲ್ಲೇ ಇರುತ್ತೇನೆ. ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಅದಕ್ಕೆ ಹುಟ್ಟಿನಿಂದ ಬರುವ ಕಾರಣಗಳು, ಇದೇ ವಿಷಯ. ರಿಪೋರ್ಟ್ ಹಾಕುವವರು ರಕ್ತ ಕೊಟ್ಟ ದಿನ ಯಾವ ಔಷಧಿ ನಡೆಯುತ್ತಿತ್ತು ಅಂತ ತಪ್ಪದೆ ಬರೆಯಿರಿ. ಫಾರ್ವರ್ಡ್ ಬಂದ ಮೆಸೇಜುಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಸದಸ್ಯ: ಅಪ್ಪನಿಗೆ ಫ್ಯಾಕ್ಟರ್ ಫೈವ್ ಲೈಡನ್ ಇದೆ ಅಂದರು. ಹಾಗಂದ್ರೆ ಏನು ಮೇಡಂ? ನನಗೂ ಬಂದಿರುತ್ತದಾ?

ಡಾಕ್ಟರ್: ಲೈಡನ್ ಅನ್ನುವುದು ನೆದರ್ಲೆಂಡ್ಸ್‌ನ ಒಂದು ಊರು. 1994ರಲ್ಲಿ ಅಲ್ಲಿನ ಸಂಶೋಧಕರು ಈ ಜೀನ್ ದೋಷವನ್ನು ಪತ್ತೆ ಮಾಡಿದರು. ಹೆಪ್ಪುಗಟ್ಟಲು ಸಹಾಯ ಮಾಡುವ ಫ್ಯಾಕ್ಟರ್ ಫೈವ್ ಅನ್ನುವ ಪ್ರೋಟೀನನ್ನು, ಹೆಪ್ಪು ತಡೆಯುವ ಪ್ರೋಟೀನ್ ಸಿ ಕತ್ತರಿಸಿ ನಿಲ್ಲಿಸಬೇಕು. ಈ ದೋಷ ಇದ್ದವರಲ್ಲಿ ಕತ್ತರಿಸಬೇಕಾದ ಜಾಗವೇ ಬದಲಾಗಿರುತ್ತದೆ. ಅಪ್ಪನಲ್ಲಿ ದೋಷ ಇರುವ ಜೀನಿನ ಒಂದು ಪ್ರತಿ ಇದ್ದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಒಂದು ಪ್ರತಿ ಇದ್ದರೆ ಅಪಾಯ ಸುಮಾರು 3ರಿಂದ 5 ಪಟ್ಟು ಹೆಚ್ಚುತ್ತದೆ. ಕೇಳಲು ದೊಡ್ಡದು ಅನ್ನಿಸುತ್ತದೆ. ಆದರೆ ಮಾಮೂಲಿ ಅಪಾಯ ವರ್ಷಕ್ಕೆ ಸಾವಿರ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಅಷ್ಟೇ. ಈ ದೋಷ ಇರುವ ಹೆಚ್ಚಿನವರಿಗೆ ಜೀವನದಲ್ಲಿ ಒಮ್ಮೆಯೂ ಹೆಪ್ಪುಗಟ್ಟುವುದಿಲ್ಲ.

ಇನ್ನೊಬ್ಬ ಸದಸ್ಯ: ಮೇಡಂ, ನನಗೆ ಏನೂ ತೊಂದರೆ ಇಲ್ಲ, ಮನೆಯಲ್ಲೂ ಯಾರಿಗೂ ಇಲ್ಲ. ಮುನ್ನೆಚ್ಚರಿಕೆಗೆ ಎಲ್ಲ ಟೆಸ್ಟ್ ಒಟ್ಟಿಗೆ ಮಾಡಿಸಲಾ?

ಡಾಕ್ಟರ್: ಬೇಡ.

ಅನಾಮಿಕ ಸದಸ್ಯೆ: ನನಗೆ 26 ವರ್ಷ. ಎರಡು ತಿಂಗಳ ಹಿಂದೆ ಎಡಗಾಲಿನಲ್ಲಿ ಹೆಪ್ಪುಗಟ್ಟಿತ್ತು. ಕಾರಣ ಏನೂ ಸಿಗಲಿಲ್ಲ. ಮೊದಲ ವಾರ ಇಂಜೆಕ್ಷನ್ ಇತ್ತು, ಈಗ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಮಾತ್ರ. ಹೋದ ವಾರ ರಕ್ತ ಪರೀಕ್ಷೆ ಆಯಿತು. ಪ್ರೋಟೀನ್ ಸಿ ಮತ್ತು ಪ್ರೋಟೀನ್ ಎಸ್ ಎರಡೂ ತುಂಬ ಕಮ್ಮಿ, ಕೆಂಪು ಗುರುತು ಹಾಕಿದ್ದಾರೆ. ಇದು ವಂಶದಲ್ಲಿ ಬಂದದ್ದು ಅಂದರು. ಆಂಟಿಥ್ರಾಂಬಿನ್ ಶೇಕಡಾ 48. ಅಪ್ಪ 38ನೇ ವಯಸ್ಸಿನಲ್ಲಿ ಒಂದು ಚಿಕ್ಕ ಆಪರೇಷನ್ ಆಗಿ ವಾರಕ್ಕೆ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ಹೃದಯಾಘಾತ ಅಂದಿದ್ದರು. ತಂಗಿಗೂ ಪರೀಕ್ಷೆ ಮಾಡಿಸಬೇಕಾ? ಅವಳಿಗೆ 22. ಮುಟ್ಟು ಸರಿಹೋಗಲಿ ಅಂತ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿದ್ದಾಳೆ. ಮೂರು ದಿನದಿಂದ ಅವಳ ಮೀನಖಂಡ ಊದಿಕೊಂಡಿದೆ, ನಡೆದು ಉಳುಕಿರಬೇಕು.

ಡಾಕ್ಟರ್: ನೋಡಮ್ಮ, ಮೊದಲು ತಂಗಿಯ ವಿಷಯ. ಇವತ್ತೇ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಕಾಲಿನ ಡಾಪ್ಲರ್ ಸ್ಕ್ಯಾನ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್ ಆಗಬೇಕು. ಉಳುಕು ಇರಲೂಬಹುದು. ಆದರೆ ಅಕ್ಕನಿಗೆ ಹೆಪ್ಪುಗಟ್ಟಿದೆ, ತಂಗಿ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವ ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆ ತಗೊಳ್ಳುತ್ತಿರಬಹುದು, ಒಂದೇ ಕಾಲು ಊದಿದೆ. ಇಷ್ಟಿದ್ದ ಮೇಲೆ ಉಳುಕು ಅಂತ ಸುಮ್ನೆ ಕೂರುವ ಹಾಗಿಲ್ಲ. ಕಾಲು ಉಜ್ಜಬೇಡಿ. ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ನೇರ ತುರ್ತು ವಿಭಾಗಕ್ಕೆ. ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲೇ ಇಟ್ಟುಕೊಂಡು ಹೋಗಿ.

ಈಗ ನಿನ್ನ ರಿಪೋರ್ಟ್. ಕೆಂಪು ಗುರುತು ನೋಡಿ ಹೆದರಬೇಡ. ಹೆಪ್ಪು ತಡೆಯುವ ಪ್ರೋಟೀನ್ ಸಿ ಮತ್ತು ಎಸ್ ಅನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ವಾರ್ಫರಿನ್ ಕೆಲಸವೇ ಅದನ್ನು ತಡೆಯುವುದು. ಹಾಗಾಗಿ ವಾರ್ಫರಿನ್ ತಗೊಳ್ಳುವ ಯಾರನ್ನೇ ಪರೀಕ್ಷೆ ಮಾಡಿದರೂ ಎರಡೂ ಕಮ್ಮಿಯೇ ಬರುತ್ತವೆ. ಅದರಿಂದ ವಂಶದ ದೋಷ ಅಂತ ಹೇಳಲು ಆಗುವುದಿಲ್ಲ.

ನನ್ನ ಕಣ್ಣು ನಿಂತಿದ್ದು ಆ 48ರ ಮೇಲೆ. ಆಂಟಿಥ್ರಾಂಬಿನ್ ಕೂಡ ಹೆಪ್ಪು ತಡೆಯುವ ಪ್ರೋಟೀನ್. ಮಾಮೂಲಿಯಾಗಿ ಅದು ಸುಮಾರು ಶೇಕಡಾ 80ರಿಂದ 120 ಇರುತ್ತದೆ. ವಾರ್ಫರಿನ್ ಅದನ್ನು ಇಳಿಸುವುದಿಲ್ಲ, ಕೆಲವೊಮ್ಮೆ ಸ್ವಲ್ಪ ಏರಿಸುತ್ತದೆ. ಇಳಿಸುವುದು ಹೆಪಾರಿನ್, ಹೊಸದಾಗಿ ಆದ ಹೆಪ್ಪು, ಲಿವರ್ ಕಾಯಿಲೆ, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ. ನಿನಗೆ ಮೊದಲ ವಾರ ಕೊಟ್ಟ ಇಂಜೆಕ್ಷನ್ ಹೆಪಾರಿನ್ ಆಗಿರಬೇಕು, ಅದು ನಿಂತು ವಾರಗಳಾಗಿವೆ. ಲಿವರ್, ಕಿಡ್ನಿ ಸರಿ ಇದ್ದರೆ ಈ ಅಂಕಿಯನ್ನು ಸುಲಭವಾಗಿ ಬಿಡುವ ಹಾಗಿಲ್ಲ. ಹುಟ್ಟಿನಿಂದ ಬರುವ ಆಂಟಿಥ್ರಾಂಬಿನ್ ಕೊರತೆಯಲ್ಲಿ ಸಾಮಾನ್ಯವಾಗಿ 40ರಿಂದ 60ರ ಆಸುಪಾಸು ಇರುತ್ತದೆ. 1965ರಲ್ಲಿ ನಾರ್ವೆಯ ಒಂದು ಕುಟುಂಬದಲ್ಲಿ ಇದು ಮೊದಲು ಗೊತ್ತಾಯಿತು. ಅಪರೂಪದ್ದು, ಆದರೆ ಲೈಡನ್ ದೋಷಕ್ಕಿಂತ ಬಲವಾದದ್ದು. ಒಬ್ಬ ಪೋಷಕರಲ್ಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ಆಪರೇಷನ್ ಆಗಿ ವಾರಕ್ಕೆ ಅಪ್ಪ ಹೋದದ್ದು ಶ್ವಾಸಕೋಶಕ್ಕೆ ಹೆಪ್ಪು ಹೋಗಿಯೂ ಇರಬಹುದು. ಇದನ್ನು ಈಗ ಸಾಬೀತು ಮಾಡಲು ಆಗದು, ಆದರೆ ನಿನ್ನ ಡಾಕ್ಟರಿಗೆ ತಪ್ಪದೆ ಹೇಳು. ವಾರ್ಫರಿನ್ ನಿಲ್ಲಿಸಬೇಡ. ಆಂಟಿಥ್ರಾಂಬಿನ್ ಮತ್ತೊಮ್ಮೆ ಪರೀಕ್ಷೆ ಆಗಲಿ.

ತಂಗಿಯನ್ನು ಕರೆದುಕೊಂಡು ಹೊರಟೆಯಾ? ಇಲ್ಲಿ ಬರೆ.

ನಿವೃತ್ತ ಮೇಷ್ಟ್ರು: ಓ ಗುಂಪಿನ ರಕ್ತದವರಿಗೆ ಹೆಪ್ಪುಗಟ್ಟುವುದೇ ಇಲ್ಲ ಅಂತ ಓದಿದ್ದೇನೆ. ಆ ಹುಡುಗಿಯರ ಗುಂಪು ಯಾವುದು ಅಂತ ಮೊದಲು ಕೇಳಿ.

ಲ್ಯಾಬ್ ತಂತ್ರಜ್ಞೆ: ಇಲ್ಲವೇ ಇಲ್ಲ ಅನ್ನುವುದು ತಪ್ಪು ಸಾರ್. ಓ ಗುಂಪಿನವರಲ್ಲಿ ಹೆಪ್ಪುಗಟ್ಟಲು ಬೇಕಾದ ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಮತ್ತು ಫ್ಯಾಕ್ಟರ್ ಎಂಟು ಕಮ್ಮಿ. ಅದಕ್ಕೇ ಅಪಾಯ ಕಮ್ಮಿ. ಬೇರೆ ಗುಂಪಿನವರಿಗೆ ಒಂದೂವರೆಯಿಂದ ಎರಡು ಪಟ್ಟು.

ನಿವೃತ್ತ ಮೇಷ್ಟ್ರು: ಮೂವತ್ತು ವರ್ಷ ಪಾಠ ಮಾಡಿದ್ದೇನಮ್ಮ. ಓದಿದ್ದನ್ನೇ ಹೇಳುತ್ತಿದ್ದೇನೆ. ನೀವು ಲ್ಯಾಬಿನವರು ಸಿಕ್ಕ ಸಿಕ್ಕ ಟೆಸ್ಟ್ ಬರೆಸಿ ಹಣ ಮಾಡುತ್ತೀರಿ.

ಲ್ಯಾಬ್ ತಂತ್ರಜ್ಞೆ: ಟೆಸ್ಟ್ ಬರೆಯುವುದು ನಾನಲ್ಲ ಸಾರ್. ವಾರ್ಫರಿನ್ ನಡೆಯುವಾಗ ಪ್ರೋಟೀನ್ ಸಿ ಟೆಸ್ಟ್ ಬೇಡ ಅಂತ ನಾವೇ ಎಷ್ಟು ಸಲ ವಾಪಸ್ ಕಳಿಸುತ್ತೇವೆ ಗೊತ್ತಾ ನಿಮಗೆ?

ಸದಸ್ಯ: ವೇರಿಕೋಸ್ ವೇನ್ ಇದ್ದರೆ ದೂರದ ವಿಮಾನ ಪ್ರಯಾಣ ಮಾಡಬಹುದಾ ಮೇಡಂ?

ಡಾಕ್ಟರ್: ಲ್ಯಾಬಿನವರು ಹೇಳಿದ್ದು ಸರಿ. ಮೇಷ್ಟ್ರೇ, ಓ ಗುಂಪಿನವರಿಗೂ ಆಗುತ್ತದೆ, ನಾನೇ ನೋಡಿದ್ದೇನೆ. ತಂಗಿ ಹೊರಟರಾ? ಯಾರಾದರೂ ಅವರಿಗೆ ಫೋನ್ ಮಾಡಬಲ್ಲಿರಾ?

ಆರೋಗ್ಯ ಆಸಕ್ತ: ಫಾರ್ವರ್ಡ್ ಬಂದಿದ್ದು. ಕಾಲಿಗೆ ಬಿಸಿ ಎಣ್ಣೆ ಹಾಕಿ ಕೆಳಗಿನಿಂದ ಮೇಲಕ್ಕೆ ಬಲವಾಗಿ ತಿಕ್ಕಿದರೆ ಏಳು ದಿನದಲ್ಲಿ ಹೆಪ್ಪು ಕರಗುತ್ತದೆ. ಮಾತ್ರೆ ಬೇಕಾಗಿಲ್ಲ. ಎಲ್ಲರಿಗೂ ಹಂಚಿ.

ಡಾಕ್ಟರ್: ಇದನ್ನು ಈಗಲೇ ತೆಗೆಯಿರಿ. ಹೊಸ ಹೆಪ್ಪು ಇರುವ ಕಾಲನ್ನು ತಿಕ್ಕಿದರೆ ಅದರ ತುಂಡು ಕಳಚಿ ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಬಹುದು. ಜೀವವೇ ಹೋಗಬಹುದು. ಮಾತ್ರೆ ಬಿಟ್ಟು ಈ ಎಣ್ಣೆ ನಂಬಿದವರಿಗೆ ಹೆಪ್ಪು ಮತ್ತೆ ಬೆಳೆಯುತ್ತದೆ. ಅಡ್ಮಿನ್, ದಯವಿಟ್ಟು ನೋಡಿ.

ಆರೋಗ್ಯ ಆಸಕ್ತ: ನಮ್ಮ ಹಿರಿಯರು ಹಾಗೆ ಮಾಡಿಯೇ ಬದುಕಿದರು. ನಿಮಗೆ ಔಷಧಿ ಮಾರಬೇಕು, ಅದಕ್ಕೇ ಹೀಗೆ.

ಲ್ಯಾಬ್ ತಂತ್ರಜ್ಞೆ: ಒಬ್ಬ ಹುಡುಗಿಯ ಕಾಲು ಊದಿರುವಾಗ ನೀವು ಇದನ್ನು ಹಾಕುತ್ತೀರಲ್ಲ!

ಆರೋಗ್ಯ ಆಸಕ್ತ: ನಿಮ್ಮನ್ನು ಯಾರು ಕೇಳಿದರು?

ಇನ್ನೊಬ್ಬ ಸದಸ್ಯೆ: ಜಗಳ ಬಿಟ್ಟು ನನ್ನದಕ್ಕೆ ಉತ್ತರ ಕೊಡಿ ಪ್ಲೀಸ್. ಮೂರು ಸಲ ಗರ್ಭಪಾತ ಆಗಿದೆ. ಲೂಪಸ್ ಆಂಟಿಕೋಆಗ್ಯುಲೆಂಟ್ ಒಂದು ಸಲ ಪಾಸಿಟಿವ್ ಬಂದಿದೆ. ಇದೂ ಅಮ್ಮನಿಂದ ಬಂದದ್ದಾ?

ಡಾಕ್ಟರ್: ಇಲ್ಲ. ಅದು ಹುಟ್ಟಿನ ಜೀನ್ ದೋಷ ಅಲ್ಲ, ನಂತರ ದೇಹವೇ ತಯಾರಿಸುವ ಆಂಟಿಬಾಡಿ. ಹೆಸರಿನಲ್ಲಿ ಲೂಪಸ್ ಇದ್ದ ಮಾತ್ರಕ್ಕೆ ನಿಮಗೆ ಲೂಪಸ್ ಕಾಯಿಲೆ ಇದೆ ಅಂತ ಅಲ್ಲ. ಒಂದು ಸೋಂಕು ಬಂದಾಗಲೂ ಕೆಲವು ವಾರ ಪಾಸಿಟಿವ್ ಬರಬಹುದು. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಜೊತೆಗೆ ಕಾರ್ಡಿಯೋಲಿಪಿನ್ ಮತ್ತು ಬೀಟಾ ಟು ಗ್ಲೈಕೋಪ್ರೋಟೀನ್ ಆಂಟಿಬಾಡಿ ಪರೀಕ್ಷೆಗಳೂ ಆಗಲಿ. ಮುಂದಿನ ಗರ್ಭಕ್ಕೆ ಮೊದಲೇ ಇದು ಇತ್ಯರ್ಥ ಆಗಲಿ, ಯಾಕೆಂದರೆ ಇದಕ್ಕೆ ಚಿಕಿತ್ಸೆ ಇದೆ.

ಸದಸ್ಯ: ಎಂಟಿಎಚ್‌ಎಫ್‌ಆರ್ ಜೀನ್ ಟೆಸ್ಟ್ ಪಾಸಿಟಿವ್. ರಕ್ತದಲ್ಲಿರುವ ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲ ಇಳಿಸಲು ವಿಟಮಿನ್ ತಗೊಳ್ಳಲಾ?

ಡಾಕ್ಟರ್: ಆ ಜೀನ್ ಟೆಸ್ಟೇ ಬೇಕಿರಲಿಲ್ಲ. ಅಧ್ಯಯನಗಳಲ್ಲಿ ವಿಟಮಿನ್‌ನಿಂದ ಹೋಮೋಸಿಸ್ಟೀನ್ ಇಳಿದರೂ ಹೆಪ್ಪುಗಟ್ಟುವುದು ಕಮ್ಮಿ ಆಗಲಿಲ್ಲ.

ಮತ್ತೊಬ್ಬ ಸದಸ್ಯ: ಮೇಡಂ, ಮುನ್ನೆಚ್ಚರಿಕೆಗೆ ಎಲ್ಲ ಟೆಸ್ಟ್ ಮಾಡಿಸಿದರೆ ಒಳ್ಳೆಯದಲ್ವಾ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಸದಸ್ಯ: ಹಲ್ಲು ಕೀಳಿಸಬೇಕು. ವಾರ್ಫರಿನ್ ಎಷ್ಟು ದಿನ ನಿಲ್ಲಿಸಲಿ?

ನಿವೃತ್ತ ಮೇಷ್ಟ್ರು: ನನ್ನ ಪ್ರಶ್ನೆಗೆ ಯಾರೂ ಮರ್ಯಾದೆಯಿಂದ ಉತ್ತರಿಸಲಿಲ್ಲ. ಇಂಥ ಗುಂಪಿನಲ್ಲಿ ಇರುವುದು ಬೇಡ.

ಆರೋಗ್ಯ ಆಸಕ್ತ: ನಾನೂ ಹೊರಟೆ. ಡಾಕ್ಟರಿಗೆ ಅಹಂಕಾರ.

ಡಾಕ್ಟರ್: ಹೋಗುವುದಿದ್ದರೆ ಹೋಗಿ. ಆದರೆ ಆ ಮೆಸೇಜನ್ನು ಅಳಿಸಿ ಹೋಗಿ. ನನಗೆ ಈಗ ಬೇರೆ ಯಾವ ಪ್ರಶ್ನೆಯೂ ಕಾಣುತ್ತಿಲ್ಲ. ಆ ಹುಡುಗಿ ಏನಾದಳು?

ಅನಾಮಿಕ ಸದಸ್ಯೆ: ಮೇಡಂ, ಕ್ಷಮಿಸಿ, ಸ್ಕ್ಯಾನ್ ಸರದಿಯಲ್ಲಿದ್ದೆವು. ತೊಡೆಯವರೆಗೂ ಹೆಪ್ಪುಗಟ್ಟಿದೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ಉಸಿರಾಟ ಸರಿ ಇದೆ. ಹೆಪಾರಿನ್ ಹಾಕುತ್ತಿದ್ದಾರೆ. ಅವಳಿಗೂ ಆಂಟಿಥ್ರಾಂಬಿನ್ ಪರೀಕ್ಷೆಗೆ ರಕ್ತ ತೆಗೆಯಲು ಹೇಳಲಾ?

ಡಾಕ್ಟರ್: ಸರಿಯಾದ ಹೊತ್ತಿಗೆ ಹೋದಿರಿ. ಇವತ್ತು ಆ ಪರೀಕ್ಷೆಗೆ ಒತ್ತಾಯ ಮಾಡಬೇಡ. ಹೊಸ ಹೆಪ್ಪು, ಹಾರ್ಮೋನ್ ಮಾತ್ರೆ, ಹೆಪಾರಿನ್, ಮೂರೂ ಆ ಅಂಕಿಯನ್ನು ಇಳಿಸುತ್ತವೆ. ಕಮ್ಮಿ ಬಂದರೆ ಏನೂ ತಿಳಿಯುವುದಿಲ್ಲ. ಅದರ ಬದಲು ನಿನ್ನ ರಿಪೋರ್ಟನ್ನು ವಾರ್ಡಿನ ಡಾಕ್ಟರಿಗೆ ತೋರಿಸಿ 48 ಅಂತ ಬಾಯಿಬಿಟ್ಟು ಹೇಳು. ಹೆಪಾರಿನ್ ಆಂಟಿಥ್ರಾಂಬಿನ್ ಮೂಲಕವೇ ಕೆಲಸ ಮಾಡುವುದು. ಅದು ಕಮ್ಮಿ ಇರುವ ಕೆಲವರಲ್ಲಿ ಮಾಮೂಲಿ ಪ್ರಮಾಣ ಸಾಲುವುದಿಲ್ಲ. ಅವರಿಗೆ ಗೊತ್ತಿದ್ದರೆ ರಕ್ತದಲ್ಲಿ ಹೆಪಾರಿನ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡಿಕೊಳ್ಳುತ್ತಾರೆ. ಹಾರ್ಮೋನ್ ಮಾತ್ರೆ ಮುಂದುವರಿಸಬೇಕಾ ಅಂತಲೂ ಅವರನ್ನೇ ಕೇಳು. ಅಪ್ಪನ ಅಣ್ಣತಮ್ಮಂದಿರು, ಅತ್ತೆಯರು ಇದ್ದಾರಾ? ಅವರಲ್ಲಿ ಯಾರಿಗಾದರೂ ಕಾಲು ಊದಿದ್ದು, ಹೆರಿಗೆ ಆದ ಮೇಲೆ ಹೆಪ್ಪುಗಟ್ಟಿದ್ದು ಇದ್ದರೆ ಕೇಳಿ ಬರೆದಿಡು.

ಅನಾಮಿಕ ಸದಸ್ಯೆ: ದೊಡ್ಡತ್ತೆಗೆ ಎರಡನೇ ಹೆರಿಗೆ ಆದಮೇಲೆ ಕಾಲು ಊದಿತ್ತು ಅಂತ ಅಮ್ಮ ಈಗ ಹೇಳುತ್ತಿದ್ದಾರೆ. ಈಗಲೇ ಫೋನ್ ಮಾಡುತ್ತೇನೆ.