ಪ್ರವಾಸಿ ಕ್ರೆಡಿಟ್ ಕಾರ್ಡಿಗೆ ವರ್ಷಕ್ಕೆ ಐದು ಸಾವಿರ: ನಮ್ಮ ಭಾಗದವರಿಗೆ ಗಿಟ್ಟುತ್ತದೆಯೇ?

ಪ್ರಶ್ನೆ: ಅಧ್ಯಾಪಕರು, ಕಲಬುರಗಿ

ನನ್ನ ಸಂಬಳದ ಖಾತೆ ಇರುವ ಬ್ಯಾಂಕಿನವರು ವಾರ್ಷಿಕ 5,000 ರೂಪಾಯಿ ಶುಲ್ಕದ ಪ್ರವಾಸಿ ಕ್ರೆಡಿಟ್ ಕಾರ್ಡೊಂದನ್ನು ತೆಗೆದುಕೊಳ್ಳಲು ಒತ್ತಾಯಿಸುತ್ತಿದ್ದಾರೆ. ವಿಮಾನ ನಿಲ್ದಾಣದ ಲೌಂಜ್ (ತಿಂಡಿ, ವಿಶ್ರಾಂತಿಯ ಕೋಣೆ) ಪ್ರವೇಶ, ಟಿಕೆಟ್ ಮೇಲಿನ ಪಾಯಿಂಟ್, ಹೋಟೆಲ್ ರಿಯಾಯಿತಿ ಎಲ್ಲ ಸೇರಿ ಶುಲ್ಕದ ಎರಡರಷ್ಟು ಲಾಭ ಬರುತ್ತದೆ ಎಂಬುದು ಅವರ ಮಾತು. ನಮ್ಮದು ನಾಲ್ವರ ಕುಟುಂಬ. ಬೆಂಗಳೂರಿಗೆ ವರ್ಷದಲ್ಲಿ ಕೆಲವು ಸಲ ರೈಲಿನಲ್ಲಿ ಹೋಗುತ್ತೇವೆ. ಮಗಳು ದೆಹಲಿಯಲ್ಲಿ ಓದುತ್ತಿರುವುದರಿಂದ ಒಂದೆರಡು ಸಲ ಹೈದರಾಬಾದಿಗೆ ಹೋಗಿ ವಿಮಾನ ಹತ್ತುತ್ತೇವೆ. ಕಾರ್ಡಿನ ಮೂಲಕ ಮಾಡಬಹುದಾದ ನಮ್ಮ ಖರ್ಚು ತಿಂಗಳಿಗೆ ಹೆಚ್ಚೆಂದರೆ ಇಪ್ಪತ್ತು ಸಾವಿರ ರೂಪಾಯಿ. ಇಂಥ ಕಾರ್ಡನ್ನು ಬಳಸಿದವರು ದಯವಿಟ್ಟು ತಮ್ಮ ಅನುಭವವನ್ನು ಹಂಚಿಕೊಳ್ಳಬೇಕೆಂದು ಕೋರುತ್ತೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ

ಮೊದಲು ಶುಲ್ಕವನ್ನೇ ಸರಿಯಾಗಿ ಬರೆದುಕೊಳ್ಳಿ. 5,000 ರೂಪಾಯಿಗೆ ಶೇ 18ರಷ್ಟು ಜಿಎಸ್‌ಟಿ ಸೇರಿದರೆ ನಿಮ್ಮ ಕೈಬಿಡುವ ಹಣ 5,900 ರೂಪಾಯಿ. ಅದು ಪ್ರತಿ ವರ್ಷ ಖಚಿತವಾಗಿ ಹೋಗುವ ಹಣ, ಬರುವ ಲಾಭ ಮಾತ್ರ ನೀವು ಪ್ರಯಾಣ ಮಾಡಿದರೆ, ಷರತ್ತು ಪೂರೈಸಿದರೆ, ಪಾಯಿಂಟುಗಳನ್ನು ಅವಧಿಯೊಳಗೆ ಬಳಸಿದರೆ ಬರುವಂಥದ್ದು. ಬ್ಯಾಂಕಿನ ಕರಪತ್ರದಲ್ಲಿ ಒಂದೊಂದು ಸೌಲಭ್ಯದ ಎದುರಿಗೂ ಒಂದು ಬೆಲೆ ಬರೆದಿರುತ್ತದೆ. ಆ ಬೆಲೆಯನ್ನು ನಂಬಬೇಡಿ. ಆ ಸೌಲಭ್ಯ ಇಲ್ಲದಿದ್ದರೂ ನಿಮ್ಮ ಜೇಬಿನಿಂದ ನೀವು ಎಷ್ಟು ಖರ್ಚು ಮಾಡುತ್ತಿದ್ದಿರೋ ಅಷ್ಟೇ ಅದರ ಬೆಲೆ ಎಂಬುದು ನಾನು ವೃತ್ತಿಯಲ್ಲಿದ್ದಾಗಲೂ ಗ್ರಾಹಕರಿಗೆ ಹೇಳುತ್ತಿದ್ದ ಮಾತು.

ಲೌಂಜಿನ ವಿಷಯವನ್ನೇ ತೆಗೆದುಕೊಳ್ಳಿ. ನಮಗೆ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಇನ್ನೂರು ಕಿಲೋಮೀಟರಿಗೂ ದೂರ. ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೋಗುವ ನಮ್ಮ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗುತ್ತವೆ, ಇಲ್ಲವೇ ದಾರಿಯಲ್ಲಿಯೇ ಊಟ ಮುಗಿಸುತ್ತವೆ. ಅಲ್ಲಿ ತಲುಪಿದ ಮೇಲೆ ನೀವು ಕಾಫಿ, ತಿಂಡಿಗೆ ತಲೆಗೆ ಮುನ್ನೂರು ನಾನ್ನೂರು ರೂಪಾಯಿ ಕೊಡುತ್ತಿದ್ದಿರಿ ಎಂದಾದರೆ, ನಿಮ್ಮ ಪಾಲಿಗೆ ಲೌಂಜಿನ ಬೆಲೆ ಅಷ್ಟೇ ಹೊರತು ಕರಪತ್ರದ ಸಾವಿರಾರು ರೂಪಾಯಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಬಹಳಷ್ಟು ಕಾರ್ಡುಗಳಲ್ಲಿ ಉಚಿತ ಪ್ರವೇಶ ಕಾರ್ಡುದಾರರೊಬ್ಬರಿಗೆ ಮಾತ್ರ. ನೀವು ಒಳಗೆ ಕುಳಿತು ಉಣ್ಣುವಾಗ ಮನೆಯವರು ಮೂವರು ಹೊರಗಿನ ಕುರ್ಚಿಯಲ್ಲಿ ಕಾಯಬೇಕು, ಅಥವಾ ಅವರಿಗೆ ಪ್ರತ್ಯೇಕ ಹಣ ತೆರಬೇಕು. ಕಲಬುರಗಿ ಮತ್ತು ಬೀದರ್‌ನ ಸಣ್ಣ ನಿಲ್ದಾಣಗಳಲ್ಲಿ ಕಾರ್ಡು ತೋರಿಸಿ ಪ್ರವೇಶಿಸುವ ಲೌಂಜುಗಳಿಲ್ಲ. ಇಲ್ಲಿಂದ ವಿಮಾನ ಸದಾ ಇರುತ್ತದೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳಲಾಗದು. ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರ ಸರ್ಕಾರ ತಂದ ಉಡಾನ್ ಯೋಜನೆಯ ಸಹಾಯಧನಕ್ಕೆ ಮೂರು ವರ್ಷದ ಮಿತಿ ಇದೆ. ಬೀದರ್‌ನಲ್ಲಿ 2020ರ ಫೆಬ್ರವರಿಯಲ್ಲಿ ಆರಂಭವಾದ ಬೆಂಗಳೂರು ವಿಮಾನ ಒಂದಕ್ಕಿಂತ ಹೆಚ್ಚು ಸಲ ನಿಂತು ಪುನಃ ಆರಂಭವಾದುದನ್ನು ನಾವೆಲ್ಲ ಕಂಡಿದ್ದೇವೆ.

ಇನ್ನು ಷರತ್ತುಗಳ ಮಾತು. ಕೆಲವು ವರ್ಷಗಳ ಹಿಂದೆ ಕಾರ್ಡು ತೋರಿಸಿದರೆ ಸಾಕಿತ್ತು. ಈಗ ಹಾಗಿಲ್ಲ. ಎಚ್‌ಡಿಎಫ್‌ಸಿ ಬ್ಯಾಂಕು ರೀಗಾಲಿಯಾ ಕಾರ್ಡಿನ ಲೌಂಜ್ ಪ್ರವೇಶಕ್ಕೆ ಮೂರು ತಿಂಗಳಲ್ಲಿ 1 ಲಕ್ಷ ರೂಪಾಯಿ ಖರ್ಚಿನ ಷರತ್ತನ್ನು 2023ರ ಡಿಸೆಂಬರ್ 1ರಿಂದ ವಿಧಿಸಿತು. ಐಸಿಐಸಿಐ ಬ್ಯಾಂಕು ತನ್ನ ಅನೇಕ ಕಾರ್ಡುಗಳಿಗೆ ಹಿಂದಿನ ತ್ರೈಮಾಸಿಕದ ಖರ್ಚಿನ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 35,000ಕ್ಕೆ ನಿಗದಿಪಡಿಸಿ, ಅದೇ ವರ್ಷದ ನವೆಂಬರ್ 15ರಿಂದ 75,000ಕ್ಕೆ ಏರಿಸಿತು. ನಿಮ್ಮ ಖರ್ಚು ತಿಂಗಳಿಗೆ ಇಪ್ಪತ್ತು ಸಾವಿರವೆಂದರೆ ಮೂರು ತಿಂಗಳಿಗೆ ಅರವತ್ತು ಸಾವಿರ. ಈ ಎರಡೂ ಮಿತಿಗಳನ್ನು ನೀವು ಮುಟ್ಟುವುದಿಲ್ಲ. ಆದ್ದರಿಂದ ನಿಮಗೆ ಕಾರ್ಡು ಕೊಡಲು ಬಂದವರನ್ನು ಲೌಂಜ್ ಇದೆಯೇ ಎಂದು ಕೇಳಬೇಡಿ. ಯಾವ ಖರ್ಚಿಗೆ, ಯಾವ ಅವಧಿಯ ಖರ್ಚಿಗೆ, ಎಷ್ಟು ಜನರಿಗೆ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಕೊನೆಯದಾಗಿ ಬಡ್ಡಿ. ಹೆಚ್ಚಿನ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75ರ ಆಸುಪಾಸಿನಲ್ಲಿದೆ. 40,000 ರೂಪಾಯಿ ಬಾಕಿ ಉಳಿಸಿಕೊಂಡು ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ತಿಂಗಳಿಗೆ ಸುಮಾರು 1,500 ರೂಪಾಯಿ ಬಡ್ಡಿಯಾಗುತ್ತದೆ. ನಾಲ್ಕೇ ತಿಂಗಳಲ್ಲಿ ಇಡೀ ವರ್ಷದ ಶುಲ್ಕದಷ್ಟು ಹಣ ಹೋಗಿರುತ್ತದೆ. ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಪ್ರತಿ ತಿಂಗಳು ಪೂರ್ಣ ಬಿಲ್ಲು ಕಟ್ಟಲು ಸಾಧ್ಯವಾಗದವರಿಗೆ ಯಾವ ಪ್ರವಾಸಿ ಕಾರ್ಡೂ ಲಾಭದಾಯಕವಲ್ಲ ಎಂದು ನಾನು ನಿಸ್ಸಂದೇಹವಾಗಿ ಹೇಳುತ್ತೇನೆ.

ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ

ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಆದರೆ ಮುಂಬೈ–ಚೆನ್ನೈ ಮಾರ್ಗದ ಮೇಲೆ ಇರುವುದರಿಂದ ರೈಲಿಗೆ ಕೊರತೆಯಿಲ್ಲ. ಹೀಗಾಗಿ ನಾನು ವಿಮಾನದ ಕಾರ್ಡನ್ನು ಬಿಟ್ಟು ರೈಲಿನ ಕಾರ್ಡನ್ನು ಆರಿಸಿಕೊಂಡೆ. ಐಆರ್‌ಸಿಟಿಸಿ ಮತ್ತು ಎಸ್‌ಬಿಐ ಕಾರ್ಡ್ ಸೇರಿ ಕೊಡುವ ಪ್ಲಾಟಿನಂ ಕಾರ್ಡಿಗೆ ನಾನು ಮೊದಲ ವರ್ಷ 500 ರೂಪಾಯಿ, ನಂತರ ವರ್ಷಕ್ಕೆ 300 ರೂಪಾಯಿ ಮತ್ತು ತೆರಿಗೆ ಕಟ್ಟಿದ್ದೇನೆ. ಐಆರ್‌ಸಿಟಿಸಿಯಲ್ಲಿ ಎಸಿ ದರ್ಜೆಯ ಟಿಕೆಟ್ ಕಾಯ್ದಿರಿಸಿದರೆ ಶೇ 10ರವರೆಗಿನ ಮೌಲ್ಯ ಪಾಯಿಂಟುಗಳ ರೂಪದಲ್ಲಿ ಹಿಂದಿರುಗುತ್ತದೆ, ಒಂದು ಪಾಯಿಂಟಿಗೆ ಒಂದು ರೂಪಾಯಿಯಂತೆ ಅವನ್ನು ಮುಂದಿನ ಟಿಕೆಟಿಗೇ ಬಳಸಬಹುದು. ಸಾಮಾನ್ಯ ಕ್ರೆಡಿಟ್ ಕಾರ್ಡುಗಳಿಗೆ ಅಲ್ಲಿ ಬೀಳುವ ಶೇ 1ರ ವಹಿವಾಟು ಶುಲ್ಕವೂ ಇದಕ್ಕಿಲ್ಲ.

ಲೆಕ್ಕ ಸರಳವಾಗಿದೆ. ತೆರಿಗೆ ಸೇರಿ 354 ರೂಪಾಯಿ ನವೀಕರಣ ಶುಲ್ಕ ವಸೂಲಾಗಲು ವರ್ಷಕ್ಕೆ ಸುಮಾರು 3,540 ರೂಪಾಯಿಯ ಎಸಿ ಟಿಕೆಟ್ ಸಾಕು. ಬೆಂಗಳೂರಿಗೆ ಮೂರನೇ ದರ್ಜೆ ಎಸಿ ಟಿಕೆಟು ಒಬ್ಬರಿಗೆ ಸಾವಿರದ ಆಸುಪಾಸಿನಲ್ಲಿರುವುದರಿಂದ, ನಾಲ್ವರ ಕುಟುಂಬ ಒಂದು ಸಲ ಹೋಗುವುದರಲ್ಲೇ ಶುಲ್ಕ ತೀರಿಹೋಗುತ್ತದೆ, ಬರುವಾಗಿನದು ಉಳಿತಾಯ. ಇದೇ ಕಾರ್ಡಿನ ಪ್ರೀಮಿಯರ್ ಎಂಬ ದುಬಾರಿ ರೂಪಕ್ಕೆ 1,499 ರೂಪಾಯಿ ಶುಲ್ಕವಿದೆ. ಅದು ತೆರಿಗೆ ಸೇರಿ 1,769 ಆಗುವುದರಿಂದ ಸುಮಾರು 17,700 ರೂಪಾಯಿಯ ಟಿಕೆಟ್ ಬೇಕಾಗುತ್ತದೆ. ಅದರಲ್ಲಿ ರೈಲ್ವೆ ಲೌಂಜುಗಳ ಪ್ರವೇಶ ಹೆಚ್ಚಾಗಿ ಸಿಗುತ್ತದೆ ನಿಜ, ಆದರೆ ಆ ಲೌಂಜುಗಳು ಇರುವುದು ನವದೆಹಲಿ, ಜೈಪುರ, ಅಹಮದಾಬಾದ್, ಮದುರೈಯಂಥ ನಿಲ್ದಾಣಗಳಲ್ಲಿ. ವಾಡಿ ಜಂಕ್ಷನ್ನಿನಲ್ಲಿ ರಾತ್ರಿ ಗಾಡಿಗೆ ಕಾಯುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಸ್ಲೀಪರ್ ದರ್ಜೆಯ ಟಿಕೆಟಿಗೆ ಈ ಶೇ 10 ಅನ್ವಯಿಸುವುದಿಲ್ಲ. ಸದಾ ಸ್ಲೀಪರಿನಲ್ಲಿ ಪ್ರಯಾಣಿಸುವ ಕುಟುಂಬವು ಪಾಯಿಂಟಿನ ಆಸೆಗೆ ಎಸಿಗೆ ಬದಲಾಯಿಸಿದರೆ ಹತ್ತು ರೂಪಾಯಿ ಉಳಿಸಲು ನೂರು ರೂಪಾಯಿ ಹೆಚ್ಚು ಕೊಟ್ಟಂತಾಗುತ್ತದೆ. ಅಂಥವರು ಯುಪಿಐ ಮೂಲಕ ಹಣ ಕಟ್ಟಿದರೆ ಐಆರ್‌ಸಿಟಿಸಿಯ ಸೇವಾ ಶುಲ್ಕ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟು ಸಾಕು. 2024ರ ಮಾರ್ಚ್‌ನಿಂದ ಓಡುತ್ತಿರುವ ಕಲಬುರಗಿ–ಬೆಂಗಳೂರು ವಂದೇ ಭಾರತ್ ಚೇರ್‌ಕಾರ್ ಎಸಿ ದರ್ಜೆಯದಾದ್ದರಿಂದ ಅದರ ಟಿಕೆಟಿಗೆ ಪಾಯಿಂಟ್ ಬರುತ್ತದೆ. ನಿಯಮಗಳು ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನದ ಶರತ್ತುಗಳನ್ನು ಒಮ್ಮೆ ಓದಿಕೊಳ್ಳಿ.

ಔಷಧ ವ್ಯಾಪಾರಿ, ಬೀದರ್

ನನ್ನ ಅನುಭವ ಉಮ್ರಾ ಯಾತ್ರೆಗೆ ಸಂಬಂಧಿಸಿದ್ದು. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿರುವ ಮನೆಗಳು ಬಹಳ ಇರುವುದರಿಂದ, ಇದು ಅನೇಕರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ. ಹೊರದೇಶದಲ್ಲಿ ನಮ್ಮ ಕಾರ್ಡನ್ನು ಬಳಸಿದಾಗ ಸಾಮಾನ್ಯವಾಗಿ ಶೇ 3.5ರಷ್ಟು ವಿದೇಶಿ ವಿನಿಮಯ ಶುಲ್ಕ ಬೀಳುತ್ತದೆ, ಅದರ ಮೇಲೆ ಜಿಎಸ್‌ಟಿ ಸೇರಿ ಒಟ್ಟು ಶೇ 4.13 ಆಗುತ್ತದೆ. ಮಕ್ಕಾ, ಮದೀನಾದ ಹೋಟೆಲು ಮತ್ತು ಖರೀದಿಗೆ 2 ಲಕ್ಷ ರೂಪಾಯಿಯಷ್ಟು ರಿಯಾಲ್ ಖರ್ಚಾದರೆ 8,260 ರೂಪಾಯಿ ಬರೀ ವಿನಿಮಯಕ್ಕೆ ಹೋಗುತ್ತದೆ. ಶೇ 2ರ ಶುಲ್ಕವಿರುವ ಕಾರ್ಡಿನಲ್ಲಿ ಅದೇ ಖರ್ಚಿಗೆ 4,720 ರೂಪಾಯಿ. ಈ ಶುಲ್ಕ ಸೊನ್ನೆಯಾಗಿರುವ, ವಾರ್ಷಿಕ ಶುಲ್ಕವೂ ಇಲ್ಲದ ಕಾರ್ಡುಗಳು ಈಗ ನಮ್ಮಲ್ಲಿವೆ. ಫೆಡರಲ್ ಬ್ಯಾಂಕಿನ ಸ್ಕಾಪಿಯಾ, ಎಯು ಬ್ಯಾಂಕಿನ ಇಕ್ಸಿಗೊ ಕಾರ್ಡುಗಳು ಅಂಥವು. ನಾನು ಶುಲ್ಕವಿಲ್ಲದ ಕಾರ್ಡನ್ನೇ ಒಯ್ದೆ, ಸಾವಿರಾರು ರೂಪಾಯಿ ಶುಲ್ಕದ ಕಾರ್ಡು ಕೊಡಲಾರದ ಉಳಿತಾಯ ಅದರಿಂದಲೇ ಆಯಿತು.

ಅಂಗಡಿಯವರು ಯಂತ್ರ ಮುಂದಿಟ್ಟು ರೂಪಾಯಿಯಲ್ಲಿ ಕಟ್ಟುತ್ತೀರೋ ರಿಯಾಲಿನಲ್ಲಿ ಕಟ್ಟುತ್ತೀರೋ ಎಂದು ಕೇಳಿದರೆ ರಿಯಾಲನ್ನೇ ಆರಿಸಿ. ರೂಪಾಯಿಯನ್ನು ಆರಿಸಿದರೆ ದರ ನಿರ್ಧರಿಸುವವರು ಆ ಯಂತ್ರದವರು, ಅದು ನಮಗೆ ಅನುಕೂಲವಾಗಿರುವುದಿಲ್ಲ. ನಮ್ಮ ಧರ್ಮದಲ್ಲಿ ಬಡ್ಡಿ ನಿಷಿದ್ಧ. ಹೀಗಾಗಿ ಪೂರ್ಣ ಮೊತ್ತ ಗಡುವಿಗೆ ಮುನ್ನವೇ ಖಾತೆಯಿಂದ ಕಡಿತವಾಗುವ ವ್ಯವಸ್ಥೆಯನ್ನು ಕಾರ್ಡು ಬಂದ ದಿನವೇ ಮಾಡಿಸಿದ್ದೇನೆ. ನಂಬಿಕೆ ಯಾವುದೇ ಇರಲಿ, ಎಲ್ಲರೂ ಹಾಗೆ ಮಾಡಿಸಿಕೊಳ್ಳಬೇಕೆಂದು ನನ್ನ ಕೋರಿಕೆ. ಕಾರ್ಡಿನಿಂದ ಎಟಿಎಂನಲ್ಲಿ ನಗದು ಮಾತ್ರ ತೆಗೆಯಬೇಡಿ, ಏಕೆಂದರೆ ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ ಶುರುವಾಗುತ್ತದೆ.

ವೈದ್ಯೆ, ಕಲಬುರಗಿ

ಎಲ್ಲರೂ ಬೇಡವೆನ್ನುತ್ತಿರುವುದರಿಂದ ಮತ್ತೊಂದು ಮಗ್ಗುಲನ್ನೂ ಹೇಳಬೇಕು. ನನಗೆ 5,000 ರೂಪಾಯಿಯ ಕಾರ್ಡು ಗಿಟ್ಟುತ್ತಿದೆ. ಸಮ್ಮೇಳನಗಳಿಗಾಗಿ ಹೈದರಾಬಾದಿನಿಂದ ಮೇಲಿಂದ ಮೇಲೆ ವಿಮಾನದಲ್ಲಿ ಹೋಗುತ್ತೇನೆ, ಟಿಕೆಟು ಮತ್ತು ಹೋಟೆಲಿನ ಖರ್ಚೇ ವರ್ಷಕ್ಕೆ ಮೂರು ಲಕ್ಷದ ಹತ್ತಿರ ಬರುತ್ತದೆ. ನಾನು ಆ್ಯಕ್ಸಿಸ್ ಬ್ಯಾಂಕಿನ ಅಟ್ಲಾಸ್ ಕಾರ್ಡನ್ನು ತೆಗೆದುಕೊಂಡಾಗ ವಿಮಾನ ಸಂಸ್ಥೆ ಮತ್ತು ಹೋಟೆಲುಗಳಲ್ಲಿ ನೇರವಾಗಿ ಕಾಯ್ದಿರಿಸಿದ ಪ್ರತಿ 100 ರೂಪಾಯಿಗೆ 5 ಮೈಲ್ (ಪ್ರಯಾಣಕ್ಕೆ ಬಳಸುವ ಪಾಯಿಂಟು), ಉಳಿದ ಖರ್ಚಿಗೆ 2 ಮೈಲ್ ಬರುತ್ತಿತ್ತು. ಮೂರು ಲಕ್ಷಕ್ಕೆ 15,000 ಮೈಲ್. ಒಂದು ಮೈಲಿಗೆ ಒಂದೇ ರೂಪಾಯಿ ಎಂದು ಕಡಿಮೆ ಬೆಲೆ ಕಟ್ಟಿದರೂ ತೆರಿಗೆ ಸಹಿತ ಶುಲ್ಕದ ಎರಡೂವರೆ ಪಟ್ಟು.

ಆದರೆ ಇದು ಫಲಿಸುವುದು ಪ್ರಯಾಣ ಹೇಗೂ ನಡೆಯಲೇಬೇಕಾದಾಗ ಮಾತ್ರ. ಮೈಲುಗಳನ್ನು ವರ್ಷಗಟ್ಟಲೆ ಕೂಡಿಡಬಾರದು ಎಂಬುದನ್ನೂ ಸೇರಿಸುತ್ತೇನೆ. 2023ರಲ್ಲಿ ಅದೇ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನ ವಾರ್ಷಿಕ ಶುಲ್ಕ 10,000ದಿಂದ 12,500ಕ್ಕೆ ಏರಿತು, ಪಾಯಿಂಟುಗಳ ಮೌಲ್ಯವೂ ಇಳಿಯಿತು. ಪಾಯಿಂಟು ಖಾತೆಯಲ್ಲಿರುವ ಹಣವಲ್ಲ; ಅದರ ಬೆಲೆಯನ್ನು ಬ್ಯಾಂಕು ಯಾವಾಗ ಬೇಕಾದರೂ ಬದಲಾಯಿಸಬಹುದು. ನಾನು ವರ್ಷಾಂತ್ಯದೊಳಗೆ ಬಳಸಿಬಿಡುತ್ತೇನೆ, ನವೀಕರಣದ ತಿಂಗಳಿಗೆ ಮುಂಚೆ ಹಿಂದಿನ ವರ್ಷ ನಿಜವಾಗಿ ಎಷ್ಟು ಬಂತು ಎಂದು ಕಾಗದದ ಮೇಲೆ ಕೂಡಿ ನೋಡುತ್ತೇನೆ.

ರಸಗೊಬ್ಬರ ಅಂಗಡಿಯವರು, ಶಹಾಪುರ

ವರ್ಷಕ್ಕೆ ಇಷ್ಟು ಲಕ್ಷ ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮನ್ನಾ ಎಂದು ಕೆಲವು ಕಾರ್ಡುಗಳಿಗೆ ಇರುವ ಷರತ್ತಿನ ಬಗ್ಗೆ ಒಂದು ಮಾತು. ನಮ್ಮ ಊರುಗಳಲ್ಲಿ ಬಹಳ ಅಂಗಡಿಗಳು ಕಾರ್ಡು ಉಜ್ಜಿದರೆ ಶೇ 2 ಹೆಚ್ಚು ಕೇಳುತ್ತವೆ. ಶೇ 1 ಅಥವಾ 2ರ ಪಾಯಿಂಟಿಗಾಗಿ ಶೇ 2 ಹೆಚ್ಚು ಕೊಟ್ಟರೆ ಉಳಿಯುವುದೇನು? ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡರೆ ಕ್ಯೂಆರ್ ಇರುವ ಅನೇಕ ಅಂಗಡಿಗಳಲ್ಲಿ ಅದು ನಡೆಯುತ್ತದೆ, ಆದರೆ ಕೆಲವರು ಅದನ್ನೂ ಬೇಡವೆನ್ನುತ್ತಾರೆ.

ಪ್ರಶ್ನೆ ಕೇಳಿದ ಅಧ್ಯಾಪಕರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಕುಟುಂಬಕ್ಕೆ ರೈಲಿನ ಕಡಿಮೆ ಶುಲ್ಕದ ಕಾರ್ಡೇ ಸರಿ ಎಂದು ಮನೆಯಲ್ಲಿ ಮಾತನಾಡಿ ತೀರ್ಮಾನಿಸಿದ್ದೇವೆ. ಒಂದು ಸಂದೇಹ ಉಳಿದಿದೆ. ಬ್ಯಾಂಕಿನವರು ಕಾರ್ಡನ್ನು ಈಗಾಗಲೇ ಕಳುಹಿಸಿದ್ದೇವೆ, ಬೇಡವಾದರೆ ಒಂದು ವರ್ಷದ ನಂತರ ಮುಚ್ಚಿಸಬಹುದು ಎನ್ನುತ್ತಿದ್ದಾರೆ. ನಾನು ಯಾವ ಅರ್ಜಿಗೂ ಸಹಿ ಮಾಡಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕಲಬುರಗಿ

ವರ್ಷ ಕಾಯಬೇಕಾಗಿಲ್ಲ. ಗ್ರಾಹಕರು ಕೇಳದೆ ಕಾರ್ಡು ಕೊಡುವುದನ್ನು ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರ ನಿರ್ದೇಶನದಲ್ಲಿ ನಿಷೇಧಿಸಿದೆ. ಒಪ್ಪಿಗೆಯಿಲ್ಲದೆ ಕೊಟ್ಟು, ಚಾಲನೆಗೊಳಿಸಿ ಶುಲ್ಕ ಹಾಕಿದರೆ, ಆ ಶುಲ್ಕವನ್ನು ಹಿಂತಿರುಗಿಸುವುದರ ಜೊತೆಗೆ ಅದರ ಎರಡರಷ್ಟು ದಂಡವನ್ನು ನಿಮಗೆ ಕೊಡಬೇಕು. ಕಾರ್ಡು ಬಂದರೆ ಚಾಲನೆಗೊಳಿಸಬೇಡಿ. ಮೂವತ್ತು ದಿನ ಕಳೆದರೂ ನೀವು ಚಾಲನೆಗೊಳಿಸದಿದ್ದರೆ ಅವರು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳಬೇಕು; ಆ ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಒಪ್ಪಿಗೆ ಸಿಗದಿದ್ದರೆ ಯಾವ ಖರ್ಚೂ ಇಲ್ಲದೆ ಏಳು ಕೆಲಸದ ದಿನಗಳಲ್ಲಿ ಮುಚ್ಚುವುದು ಅವರ ಹೊಣೆ. ಈಗಾಗಲೇ ಚಾಲನೆಯಲ್ಲಿರುವ ಕಾರ್ಡಾದರೂ, ಬಾಕಿ ಇಲ್ಲದಿದ್ದರೆ, ಕೋರಿಕೆ ಸಲ್ಲಿಸಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ದಂಡ ತೆರಬೇಕು. ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಇ-ಮೇಲ್ ಕಳುಹಿಸಿ, ಕೋರಿಕೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದಿನ ತಿಂಗಳ ಬಿಲ್ಲಿನಲ್ಲಿ ಶುಲ್ಕ ಬಂದಿದೆಯೇ ಎಂದು ನೋಡಿ.