ಅಪಘಾತ ಪರಿಹಾರಕ್ಕಾಗಿ ಅಣ್ಣನ ಚಿಕಿತ್ಸಾ ದಾಖಲೆಗಳನ್ನು ಯಾರಿಗೆ, ಎಷ್ಟು ಕೊಡಬೇಕು?

ಸುಂಟಿಕೊಪ್ಪದ ಓದುಗ (ಪ್ರಶ್ನೆ):

ನನ್ನ ಅಣ್ಣ ಇಲ್ಲಿಯ ಕಾಫಿ ತೋಟವೊಂದರಲ್ಲಿ ರೈಟರ್ (ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಆಗಿದ್ದಾರೆ. ಮಡಿಕೇರಿ–ಕುಶಾಲನಗರ ರಸ್ತೆಯ ತಿರುವಿನಲ್ಲಿ ಎದುರಿನಿಂದ ಬಂದ ಪಿಕಪ್ ವಾಹನ ಅವರ ಬೈಕಿಗೆ ಡಿಕ್ಕಿ ಹೊಡೆದು ಬಲಗಾಲಿನ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯಾಯಿತು, ಅನಂತರ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರಾಡ್ ಹಾಕಿಸಿದೆವು. ಪೊಲೀಸ್ ಪ್ರಕರಣ ದಾಖಲಾಗಿದೆ, ಆದರೆ ಪರಿಹಾರದ ಅರ್ಜಿಯನ್ನು ಇನ್ನೂ ಹಾಕಿಲ್ಲ.

ಈಚೆಗೆ ಪಿಕಪ್‌ನ ವಿಮಾ ಕಂಪನಿಯ ಕಡೆಯವರೊಬ್ಬರು ಮನೆಗೆ ಬಂದು, ಹಿಂದಿನ ಐದು ವರ್ಷಗಳ ಎಲ್ಲ ವೈದ್ಯಕೀಯ ದಾಖಲೆಗಳನ್ನು ಕೊಟ್ಟರೆ ಬೇಗ ರಾಜಿ ಮಾಡಿಸುತ್ತೇವೆ ಎಂದು ಹೇಳಿ, ಆಸ್ಪತ್ರೆಯ ಹೆಸರಿನ ಜಾಗ ಖಾಲಿ ಬಿಟ್ಟಿರುವ ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರು. ಅಣ್ಣನಿಗೆ ಸಕ್ಕರೆ ಕಾಯಿಲೆ ಇದೆ. ಕೆಲವು ವರ್ಷಗಳ ಹಿಂದೆ ಖಿನ್ನತೆಗೂ ಔಷಧ ತೆಗೆದುಕೊಂಡಿದ್ದರು. ಆ ವಿಷಯ ಊರಿನವರಿಗೆ ತಿಳಿಯುವುದು ಅವರಿಗೆ ಇಷ್ಟವಿಲ್ಲ. ಇತ್ತ ಮೈಸೂರಿನ ಆಸ್ಪತ್ರೆಯವರು ಡಿಸ್ಚಾರ್ಜ್ ಸಮರಿ ಬಿಟ್ಟು ಬೇರೇನನ್ನೂ ಕೊಡುತ್ತಿಲ್ಲ. ಕೇಸ್ ಶೀಟ್ (ಒಳರೋಗಿಯಾಗಿದ್ದಾಗಿನ ಚಿಕಿತ್ಸೆಯ ಪೂರ್ಣ ಕಡತ) ಬೇಕಿದ್ದರೆ ಕೋರ್ಟಿನ ಆದೇಶ ತನ್ನಿ ಎನ್ನುತ್ತಾರೆ. ದಯವಿಟ್ಟು ಬಲ್ಲವರು ತಿಳಿಸಬೇಕು.

ಮಡಿಕೇರಿಯ ವಕೀಲ:

ಮೊದಲನೆಯದಾಗಿ, ಆ ಖಾಲಿ ಪತ್ರಕ್ಕೆ ಸಹಿ ಹಾಕಬೇಡಿ. ರಾಜಿಯ ಮಾತು ಕೇಳಲು ಚೆನ್ನಾಗಿರುತ್ತದೆ, ಆದರೆ ಮೂಳೆ ಪೂರ್ತಿ ಕೂಡಿಕೊಳ್ಳುವ ಮುನ್ನ, ಕಾಲಿನಲ್ಲಿ ಉಳಿಯುವ ಊನ ಎಷ್ಟೆಂದು ಗೊತ್ತಾಗುವ ಮುನ್ನ ಮಾಡಿಕೊಂಡ ರಾಜಿಯಿಂದ ಗಾಯಾಳುವಿಗೆ ನಷ್ಟವಾಗುವುದೇ ಹೆಚ್ಚು.

ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಮಿತಿಯಿದೆ; 2019ರ ತಿದ್ದುಪಡಿಯಲ್ಲಿ ಬಂದ ಈ ಮಿತಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಎಲ್ಲ ಕಾಗದ ಸೇರಲಿ ಎಂದು ಕಾಯದೆ, ಇರುವಷ್ಟರಿಂದಲೇ ಅರ್ಜಿ ಹಾಕಿ, ಉಳಿದವನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು. ಅಪಘಾತ ನಡೆದ ಸ್ಥಳವೂ ನಿಮ್ಮ ಮನೆಯೂ ಕೊಡಗಿನಲ್ಲೇ ಇರುವುದರಿಂದ, ಶಸ್ತ್ರಚಿಕಿತ್ಸೆ ಮೈಸೂರಿನಲ್ಲಾಯಿತೆಂಬ ಕಾರಣಕ್ಕೆ ಅಲ್ಲಿಗೆ ಅಲೆಯಬೇಕಾಗಿಲ್ಲ.

ಈ ಪ್ರಕರಣಕ್ಕೆ ಮುಖ್ಯವಾಗಿ ಬೇಕಾದವು ಜಿಲ್ಲಾ ಆಸ್ಪತ್ರೆಯ ಎಂ.ಎಲ್.ಸಿ. (ವೈದ್ಯಕೀಯ-ಕಾನೂನು ಪ್ರಕರಣ) ನಮೂದು, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮರಿ, ಕೇಸ್ ಶೀಟ್, ಎಕ್ಸ್-ರೇಗಳು ಮತ್ತು ಬಿಲ್ಲುಗಳು. ಎಂ.ಎಲ್.ಸಿ.ಯಲ್ಲಿ ಗಾಯ ಹೇಗಾಯಿತೆಂದು ಬರೆದಿರುವ ಸಾಲನ್ನು ಈಗಲೇ ಓದಿ ನೋಡಿ. ಅವಸರದಲ್ಲಿ ಯಾರೋ ‘ಬೈಕಿನಿಂದ ಬಿದ್ದು’ ಎಂದಷ್ಟೇ ಬರೆಸಿದ್ದರೆ, ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಹಿಡಿದುಕೊಳ್ಳುವುದು ಅದೊಂದೇ ಸಾಲನ್ನು.

ಹಳೆಯ ದಾಖಲೆಗಳ ವಿಷಯಕ್ಕೆ ಬಂದರೆ, ಮನೆಗೆ ಬಂದ ಪ್ರತಿನಿಧಿಗೆ ಐದು ವರ್ಷದ ಕಡತವನ್ನು ಒಪ್ಪಿಸುವ ಬಾಧ್ಯತೆ ನಿಮಗಿಲ್ಲ. ಕಂಪನಿಗೆ ನಿಜಕ್ಕೂ ಬೇಕಾದರೆ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು, ದಾಖಲೆ ಏಕೆ ಬೇಕೆಂದು ತೋರಿಸಿ ತರಿಸಿಕೊಳ್ಳಲಿ. ದಾಖಲೆಗಳನ್ನು ಕರೆಸುವ ಅಧಿಕಾರ ನ್ಯಾಯಮಂಡಳಿಗಿದೆ. ಆದರೆ ಅದೇ ಬಲಗಾಲಿಗೆ ಮೊದಲು ಏನಾದರೂ ಪೆಟ್ಟಾಗಿದ್ದರೆ ನಿಮ್ಮ ವಕೀಲರಿಂದ ಮುಚ್ಚಿಡಬೇಡಿ.

ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿದವರು:

ಕೇಸ್ ಶೀಟಿಗೆ ಕೋರ್ಟಿನ ಆದೇಶ ಬೇಕೆನ್ನುವುದು ಸರಿಯಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯ ಪ್ರಕಾರ, ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ಕೌಂಟರಿನವರು ಹೀಗೆಯೇ ಏನಾದರೊಂದು ಹೇಳಿ ಸಾಗಹಾಕುತ್ತಾರೆ. ಅಣ್ಣನವರ ಸಹಿ ಇರುವ ಅರ್ಜಿಯಲ್ಲಿ ಐ.ಪಿ. (ಒಳರೋಗಿ) ಸಂಖ್ಯೆ, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ, ನಿಮಗೆ ಕೊಟ್ಟ ಅಧಿಕಾರ ಪತ್ರ, ಇಬ್ಬರ ಗುರುತಿನ ಚೀಟಿಯ ನಕಲು ಇವಿಷ್ಟನ್ನು ಸೇರಿಸಿ, ವೈದ್ಯಕೀಯ ಅಧೀಕ್ಷಕರ ಹೆಸರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಸೀಲು ಬಿದ್ದ ಮೇಲೆ ಸಾಮಾನ್ಯವಾಗಿ ಕೆಲಸ ಸಾಗುತ್ತದೆ. ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಟ್ಟುಕೊಂಡರೆ ಸಾಕೆಂದು ಅದೇ ನಿಯಮಾವಳಿ ಹೇಳುವುದರಿಂದ ತಡಮಾಡುವುದೂ ಒಳ್ಳೆಯದಲ್ಲ.

ಅರ್ಜಿಯಲ್ಲಿ ‘ಸಂಪೂರ್ಣ ಕೇಸ್ ಶೀಟ್’ ಎಂದೇ ಬರೆಯಿರಿ. ನರ್ಸುಗಳ ಟಿಪ್ಪಣಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಹಾಕಿದ ರಾಡಿನ ಸ್ಟಿಕ್ಕರ್ ಇರುವ ಪುಟಗಳು ಡಿಸ್ಚಾರ್ಜ್ ಸಮರಿಯಲ್ಲಿ ಇರುವುದಿಲ್ಲ.

ಸೋಮವಾರಪೇಟೆಯ ನಿವಾಸಿ:

ವಕೀಲರ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕೆನಿಸುತ್ತದೆ. ಖಿನ್ನತೆಯ ದಾಖಲೆ ಈ ಪ್ರಕರಣಕ್ಕೆ ಬೇಕೇ ಬೇಡವೇ ಎಂಬುದು ನೀವು ಏನನ್ನು ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ. ಕಾಲಿನ ಗಾಯ, ಆಸ್ಪತ್ರೆಯ ಖರ್ಚು, ಸಂಬಳದ ನಷ್ಟ ಇಷ್ಟನ್ನೇ ಕೇಳಿದರೆ ಅದರ ಪ್ರಸ್ತಾಪವೇ ಬೇಕಾಗದಿರಬಹುದು. ಅಪಘಾತದಿಂದಾಗಿಯೇ ನಿದ್ದೆ ಹೋಯಿತು, ಮನಸ್ಸು ಕುಗ್ಗಿ ಚಿಕಿತ್ಸೆ ಪಡೆಯಬೇಕಾಯಿತು ಎಂದು ಅದಕ್ಕೂ ಪರಿಹಾರ ಕೇಳಿದರೆ, ಮೊದಲು ಹೇಗಿದ್ದರು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆಗ ಮುಚ್ಚಿಟ್ಟದ್ದು ಹೊರಬಿದ್ದರೆ ಕಾಲಿನ ವಿಷಯದಲ್ಲಿ ಹೇಳಿದ ನಿಜವನ್ನೂ ನಂಬುವುದಿಲ್ಲ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017 ಇಂಥ ಮಾಹಿತಿಯ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ, ಆದರೂ ನ್ಯಾಯಾಲಯ ಕೇಳಿದಾಗ ವಿನಾಯಿತಿಗೆ ಅವಕಾಶವಿದೆ. ಸಕ್ಕರೆ ಕಾಯಿಲೆಯನ್ನಂತೂ ಬಚ್ಚಿಡಲು ಬರುವುದಿಲ್ಲ, ಶಸ್ತ್ರಚಿಕಿತ್ಸೆಯ ಕೇಸ್ ಶೀಟಿನಲ್ಲೇ ಅದು ಇರುತ್ತದೆ. ಅದರಿಂದ ಭಯಪಡುವಂಥದ್ದೂ ಇಲ್ಲ. ಮೂಳೆ ಮುರಿದದ್ದು ಪಿಕಪ್ ಗುದ್ದಿದ್ದರಿಂದ.

ಸುಂಟಿಕೊಪ್ಪದ ಓದುಗ:

ತಮ್ಮೆಲ್ಲರಿಗೂ ಧನ್ಯವಾದಗಳು. ಇನ್ನೆರಡು ಸಂದೇಹ. ಬಿಲ್ಲುಗಳ ಮೂಲ ಪ್ರತಿಯನ್ನೇ ಕೊಡಬೇಕೇ? ಜಿಲ್ಲಾ ಆಸ್ಪತ್ರೆಯಲ್ಲಿ ಊನದ ಪ್ರಮಾಣಪತ್ರ ಮಾಡಿಸಿಕೊಂಡರೆ ಸಾಕೇ?

ಮಡಿಕೇರಿಯ ವಕೀಲ:

ಮೂಲ ಬಿಲ್ಲುಗಳನ್ನು ನ್ಯಾಯಮಂಡಳಿಯ ಮುಂದೆ ಮಾತ್ರ ಹಾಜರುಪಡಿಸಿ, ಬೇರೆ ಯಾರಿಗೂ ಕೈಗೆ ಕೊಡಬೇಡಿ. ಔಷಧದ ಅಂಗಡಿಯ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಎಕ್ಸ್-ರೇ ಫಿಲಂಗಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿಯುತ್ತವೆ. ಆದ್ದರಿಂದ ಬಿಲ್ಲುಗಳನ್ನು ಇಂದೇ ಜೆರಾಕ್ಸ್ ಮಾಡಿಸಿ, ಫಿಲಂಗಳ ನಡುವೆ ಒಣ ಕಾಗದ ಇಟ್ಟು ನೆಟ್ಟಗೆ ನಿಲ್ಲಿಸಿಡಿ.

ಪ್ರಮಾಣಪತ್ರವೊಂದರಿಂದಲೇ ಕೆಲಸವಾಗುವುದಿಲ್ಲ. 2010ರಲ್ಲಿ ತೀರ್ಪಾದ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿರುವಂತೆ, ಪ್ರಮಾಣಪತ್ರ ಕೊಟ್ಟ ಅಥವಾ ಚಿಕಿತ್ಸೆ ಮಾಡಿದ ವೈದ್ಯರು ಬಂದು ಸಾಕ್ಷ್ಯ ಹೇಳಬೇಕಾಗುತ್ತದೆ. ಕಾಲಿಗೆ ಇಷ್ಟು ಶೇಕಡಾ ಊನವೆಂದರೆ ಗಳಿಕೆಯಲ್ಲೂ ಅಷ್ಟೇ ನಷ್ಟವೆಂದು ಲೆಕ್ಕ ಹಾಕುವುದಿಲ್ಲ. ನಿಮ್ಮ ಅಣ್ಣ ಇಳಿಜಾರಿನ ತೋಟದಲ್ಲಿ ದಿನವಿಡೀ ನಡೆದು ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದರೋ, ಆಫೀಸಿನಲ್ಲಿ ಕುಳಿತು ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುತ್ತಿದ್ದರೋ ಎಂಬುದು ಅಲ್ಲಿ ಬಹಳ ಮುಖ್ಯ. ತೋಟದ ಮಾಲೀಕರಿಂದ ಅವರ ಕೆಲಸದ ಸ್ವರೂಪ, ಸಂಬಳ ಮತ್ತು ರಜೆಯ ದಿನಗಳನ್ನು ತಿಳಿಸುವ ಪತ್ರವನ್ನು ಪಡೆದು, ಕೇಸ್ ಶೀಟಿನೊಂದಿಗೆ ತನ್ನಿ.