ಹಂಟರ್ಸ್ ಪಾಯಿಂಟ್‌ನಲ್ಲಿ ಮನೆ: "ಪರಿಸರ ಪರಿಶೀಲನೆ ಮುಗಿದಿದೆ" ಅಂದ್ರೆ ಮುಗಿದದ್ದು ಏನು?

ತುಂಗಾತೀರ: ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್‌ನಲ್ಲಿ ಒಂದು ಕಾಂಡೋ ನೋಡಿಕೊಂಡು ಬಂದೆವು. ಹಿಂದೆ ಅದು ನೌಕಾಪಡೆಯ ಹಡಗು ಕಟ್ಟೆ, 1974ರಲ್ಲಿ ಮುಚ್ಚಿದ್ದು. ಮನೆ ಗುಡ್ಡದ ಮೇಲಿದೆ, ಕಿಟಕಿ ತೆಗೆದರೆ ಕೊಲ್ಲಿ, ಕೆಳಗೆ ಆ ಭಾರೀ ಕ್ರೇನ್. "ಪರಿಸರ ಪರಿಶೀಲನೆ ಎಲ್ಲಾ 2000ದಲ್ಲೇ ಮುಗಿದಿದೆ" ಅಂದ ಏಜೆಂಟ್. ನಂಬಬಹುದಾ?

ಗಾರೆಮೇಸ್ತ್ರಿ: ಧಾರಾಳವಾಗಿ ನಂಬಿ. ಜಾಗ ಬಿಟ್ಟುಕೊಡುವ ಮುಂಚೆ ನೌಕಾಪಡೆ ಅಮೆರಿಕದ ಪರಿಸರ ನೀತಿ ಕಾಯ್ದೆ ನೀಪಾ ಪ್ರಕಾರ ದಪ್ಪ ವರದಿ ಬರೆಸಿದೆ, ಸಹಿ ಬಿದ್ದಿದೆ. ಗುಡ್ಡದ ಮೇಲಿನದು ಪಾರ್ಸೆಲ್ ಎ ಅನ್ನುವ ಭಾಗ. ಅದು 1999ರಲ್ಲೇ ಸೂಪರ್‌ಫಂಡ್, ಅಂದ್ರೆ ಕೇಂದ್ರ ಸರ್ಕಾರದ ವಿಷಮಯ ಜಾಗಗಳ ಪಟ್ಟಿಯಿಂದ ಹೊರಗೆ ಬಂತು. ಮಣ್ಣಿನಲ್ಲಿ ವಿಕಿರಣ ಅಂತ ಸುಮ್ನೆ ಹೆದರಿಸುವವರ ಮಾತು ಕೇಳಬೇಡಿ. ವಿಕಿರಣ ಬಾಳೆಹಣ್ಣಿನಲ್ಲೂ ಇದೆ.

ಕೊಳವೆಬಾವಿ: "ಸಹಿ ಬಿದ್ದಿದೆ" ಸರಿ, ಯಾವುದರ ಮೇಲೆ? ನೀಪಾ ವರದಿ ಕೇಳುವುದು ಇಲ್ಲಿ ಮನೆ, ಅಂಗಡಿ, ಆಫೀಸು ಬಂದರೆ ಟ್ರಾಫಿಕ್ ಏನಾಗುತ್ತೆ, ಗದ್ದಲ ಎಷ್ಟು, ನೀರು ಸಾಲುತ್ತಾ ಅಂತ. ಮಣ್ಣು ಶುದ್ಧ ಮಾಡಿಸುವುದು ಬೇರೆ ಕಾನೂನು, ಸರ್ಕ್ಲಾ; ಸೂಪರ್‌ಫಂಡ್ ಅನ್ನುವುದೂ ಅದನ್ನೇ. ತಮಾಷೆ ಏನಂದ್ರೆ ಎರಡರಲ್ಲೂ ಕೊನೆಗೆ ಬರುವ ಕಾಗದಕ್ಕೆ ಒಂದೇ ಹೆಸರು, "ರೆಕಾರ್ಡ್ ಆಫ್ ಡಿಸಿಷನ್", ನಿರ್ಧಾರದ ದಾಖಲೆ. ಒಂದನ್ನು ತೋರಿಸಿ ಇನ್ನೊಂದು ಅನ್ನುವ ಹಾಗೆ ಮನೆ ಮಾರುತ್ತಾರೆ.

ಮಂಡ್ಯ2ಮಿಲ್ಪಿಟಾಸ್: ಬಾಳೆಹಣ್ಣಿಗೂ ಅಲ್ಲಿಯ ವಿಕಿರಣ ಸೂಸುವ ರೇಡಿಯಂಗೂ ಎಲ್ಲಿಯ ಸಂಬಂಧ ಸ್ವಾಮಿ?

ಗಾರೆಮೇಸ್ತ್ರಿ: ಸಂಬಂಧ ಇದೆ. ಬಾಳೆಹಣ್ಣಿನ ಪೊಟ್ಯಾಸಿಯಂ-40ರ ಅರ್ಧಾಯುಷ್ಯ, ಅಂದ್ರೆ ಅರ್ಧದಷ್ಟು ಒಡೆದು ಮುಗಿಯುವ ಕಾಲ, ಸುಮಾರು 125 ಕೋಟಿ ವರ್ಷ. ರೇಡಿಯಂ-226ರದ್ದು ಬರೀ 1,600. ಯಾವುದು ಜಾಸ್ತಿ ದಿನ ಇರುತ್ತೆ, ನೀವೇ ಹೇಳಿ.

ಮಂಡ್ಯ2ಮಿಲ್ಪಿಟಾಸ್: "ಜಾಸ್ತಿ ದಿನ ಇರುತ್ತೆ" ಅಂದ್ರೆ ಅಷ್ಟು ನಿಧಾನವಾಗಿ ಒಡೆಯುತ್ತೆ, ವಿಕಿರಣವೂ ಅಷ್ಟು ಕಮ್ಮಿ ಅಂತ ಅರ್ಥ! ನಿಮ್ಮ ಲೆಕ್ಕವೇ ತಲೆಕೆಳಗು. ಪೊಟ್ಯಾಸಿಯಂ ಹೆಚ್ಚಾದರೆ ದೇಹ ಮೂತ್ರದಲ್ಲಿ ಹೊರಗೆ ಹಾಕುತ್ತೆ. ರೇಡಿಯಂ ಹಾಗಲ್ಲ, ಕ್ಯಾಲ್ಸಿಯಂ ವೇಷ ಹಾಕಿಕೊಂಡು ಮೂಳೆಯಲ್ಲಿ ಕೂತುಬಿಡುತ್ತೆ.

ಗಾರೆಮೇಸ್ತ್ರಿ: ಅದಕ್ಕೆ ಮೊದಲು ಹೊಟ್ಟೆಗೆ ಹೋಗಬೇಕಲ್ಲ? ನೀವೇನು ಮಣ್ಣು ತಿಂತೀರಾ?

ಮಂಡ್ಯ2ಮಿಲ್ಪಿಟಾಸ್: ನನ್ನ ಮಗಳಿಗೆ 2 ವರ್ಷ. ಒಂದು ಸಂಜೆ ಪಾರ್ಕಿಗೆ ಬಂದು ನೋಡಿ, ಏನೇನು ತಿಂತಾಳೆ ಅಂತ.

ಕಡಲೆಪುರಿ: ಯಾವ ಬಾಳೆ? ಏಲಕ್ಕಿನಾ, ಕಾಸ್ಟ್‌ಕೋದ್ದಾ? 😄

ತುಂಗಾತೀರ: ಹಡಗು ರಿಪೇರಿ ಮಾಡುವ ಜಾಗಕ್ಕೆ ವಿಕಿರಣ ಬಂದದ್ದಾದರೂ ಹೇಗೆ? ಯಾರಾದರೂ ಅದನ್ನು ಹೇಳಿ, ಬಾಳೆಹಣ್ಣು ಸಾಕು.

ಕೊಳವೆಬಾವಿ: 1946ರಲ್ಲಿ ಬಿಕಿನಿ ದ್ವೀಪದ ಹತ್ತಿರ ಅಣುಬಾಂಬ್ ಪರೀಕ್ಷೆ ಆಯ್ತಲ್ಲ, ಅಲ್ಲಿದ್ದ ಕೆಲವು ಹಡಗುಗಳನ್ನು ಇಲ್ಲಿಗೆ ತಂದು ಉಜ್ಜಿ ತೊಳೆದರು. ಅದರ ಜೊತೆ ವಿಕಿರಣದ ಪ್ರಯೋಗಾಲಯವೂ ಇತ್ತು, 1969ರವರೆಗೆ. ಕತ್ತಲಲ್ಲಿ ಕಾಣಲಿ ಅಂತ ಹಡಗಿನ ಸಾಮಾನಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು, ಅದೂ ಸೇರಿತು.

ಗಾರೆಮೇಸ್ತ್ರಿ: "ತೊಳೆದರು" ಅಂತ ನೀವೇ ಹೇಳಿದ್ರಿ. ಧನ್ಯವಾದ.

ಕೊಳವೆಬಾವಿ: ತೊಳೆದ ನೀರು ಎಲ್ಲಿಗೆ ಹೋಯ್ತು ಅಂತ ಕೇಳಲ್ವಾ? ಇರಲಿ. ಮಣ್ಣು ಪರೀಕ್ಷೆಗೆ ಗುತ್ತಿಗೆ ಹಿಡಿದ ಕಂಪನಿಯ ಇಬ್ಬರು ಸೂಪರ್‌ವೈಸರ್‌ಗಳು ದಾಖಲೆ ತಿದ್ದಿದ್ದು ಒಪ್ಪಿಕೊಂಡು 2018ರಲ್ಲಿ ತಲಾ 8 ತಿಂಗಳ ಶಿಕ್ಷೆ ಪಡೆದರು. ಚೆನ್ನಾಗಿರುವ ಕಡೆಯ ಮಣ್ಣು ತಂದು, ಕೆಟ್ಟ ಕಡೆಯದು ಅಂತ ಡಬ್ಬಿಗೆ ತುಂಬಿದ ಕಥೆ ಅದು.

ಮೊಫೆಟ್‌ಪಕ್ಕದಮನೆ: ಎಲ್ಲಾ ಕಡೆ ಹೀಗೇ ಅಂತಲ್ಲ. ನಮ್ಮ ಮೊಫೆಟ್ ಫೀಲ್ಡ್, ಅದೂ ಹಿಂದೆ ನೌಕಾಪಡೆಯ ವಿಮಾನ ನೆಲೆ; ಅಲ್ಲಿಯ ದೊಡ್ಡ ಶೆಡ್ ಹ್ಯಾಂಗರ್ ಒನ್ ನೋಡಿ. ಹೊದಿಕೆಯಲ್ಲಿ ಪಿಸಿಬಿ ಅನ್ನುವ ವಿಷ ರಾಸಾಯನಿಕ ಇತ್ತು, ಪೂರ್ತಿ ಬಿಚ್ಚಿ ಅಸ್ಥಿಪಂಜರ ಮಾಡಿ ನಿಲ್ಲಿಸಿದ್ದರು. ಈಗ ಜಾಗ ಗೂಗಲ್‌ನವರ ಲೀಸ್‌ನಲ್ಲಿದೆ. ನಾವು ದಿನಾ ಅದರ ಪಕ್ಕದಲ್ಲೇ ಓಡಾಡುತ್ತೇವೆ, ಏನಾಗಿದೆ?

ಕೊಳವೆಬಾವಿ: "ಓಡಾಡುತ್ತೇವೆ". ಮಲಗಲ್ಲ ಅಲ್ವಾ ಅಲ್ಲಿ? ಕಾರ್ಖಾನೆಗೆ ಸಾಕಾಗುವ ಶುದ್ಧಿ ಬೇರೆ, ಮಗು ತೆವಳುವ ಮನೆಗೆ ಬೇಕಾದದ್ದು ಬೇರೆ.

ಗಾರೆಮೇಸ್ತ್ರಿ: ಅದಕ್ಕೇ ಕಾನೂನಿದೆ. ಜಾಗ ಕೊಡುವಾಗ ಪತ್ರದಲ್ಲೇ ಸರ್ಕಾರ ಬರೆದುಕೊಡುತ್ತೆ, ಆಮೇಲೆ ತನ್ನ ಕಾಲದ ಕಸ ಸಿಕ್ಕಿದರೂ ತಾನೇ ಬಂದು ತೆಗೆಯುತ್ತೇನೆ ಅಂತ. ಇನ್ನೇನು ಬೇಕು?

ಮಂಡ್ಯ2ಮಿಲ್ಪಿಟಾಸ್: "ಆಮೇಲೆ ಸಿಕ್ಕಿದರೂ"! ಅಂದ್ರೆ ಸಿಗಬಹುದು ಅಂತ ಒಪ್ಪಿದ್ರಿ. ಸಿಕ್ಕೂ ಆಗಿದೆ. 2018ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಅದೇ ಪಾರ್ಸೆಲ್ ಎ ಇಳಿಜಾರಿನ ಹುಲ್ಲಿನ ಕೆಳಗೆ ರೇಡಿಯಂ ಬಳಿದ ಹಡಗಿನ ಬಿಲ್ಲೆ. ಪಟ್ಟಿಯಿಂದ ತೆಗೆದು 19 ವರ್ಷ ಆದ ಮೇಲೆ!

ಗಾರೆಮೇಸ್ತ್ರಿ: ಒಂದು ಬಿಲ್ಲೆ. ಇಡೀ ಗುಡ್ಡಕ್ಕೆ ಒಂದು. ಹುಡುಕಿದ್ದಕ್ಕೆ ತಾನೇ ಸಿಕ್ಕಿದ್ದು? ವ್ಯವಸ್ಥೆ ಕೆಲಸ ಮಾಡುತ್ತಿದೆ.

ಮಂಡ್ಯ2ಮಿಲ್ಪಿಟಾಸ್: ಹುಡುಕಿದ್ದು ರಾಜ್ಯದ ಆರೋಗ್ಯ ಇಲಾಖೆ, ಅದೂ ಜನ ಗಲಾಟೆ ಮಾಡಿದ ಮೇಲೆ. ನಿಮ್ಮ ದಪ್ಪ ವರದಿ ಅಲ್ಲ. ನಿಮಗೆ ಮನೆ ಮಾರುವ ಕಮಿಷನ್ ಏನಾದರೂ ಇದೆಯಾ?

ಗಾರೆಮೇಸ್ತ್ರಿ: ವೈಯಕ್ತಿಕವಾಗಿ ಮಾತಾಡಬೇಡಿ. 22 ವರ್ಷ ಸೈಟ್‌ನಲ್ಲಿ ಧೂಳು ಕುಡಿದವನು ನಾನು, ಇನ್ನೂ ಗುಂಡುಕಲ್ಲಿನ ಹಾಗೆ ಇದ್ದೇನೆ.

ಕಡಲೆಪುರಿ: ನಮ್ಮ ಕೆಜಿಎಫ್‌ನಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ. ಸೈನೈಡ್ ದಿಬ್ಬದ ಧೂಳು ಗಾಳಿ ಬಂದಾಗ ಮನೆಯೊಳಗೇ ಬರುತ್ತೆ. ನಿಮಗೆ ಜಗಳ ಆಡುವುದಕ್ಕೆ ಎರಡೆರಡು ಕಾನೂನಾದರೂ ಇವೆಯಲ್ಲ.

ಗಾರೆಮೇಸ್ತ್ರಿ: ವಿಷಯಾಂತರ ಬೇಡ.

ತುಂಗಾತೀರ: "ಎರಡು ರೆಕಾರ್ಡ್‌ನಲ್ಲಿ ನೀವು ಹೇಳಿದ್ದು ಯಾವುದು?" ಅಂತ ಏಜೆಂಟ್‌ಗೆ ಮೆಸೇಜ್ ಹಾಕಿದೆ. "ಎರಡಿದೆಯಾ?" ಅಂದ. ಮನೆಯವರು ಫ್ರೀಮಾಂಟ್ ಕಡೆ ನೋಡೋಣ ಅಂತಿದ್ದಾರೆ.

ಗಾರೆಮೇಸ್ತ್ರಿ: ನಿಮ್ಮಿಷ್ಟ. ಆದರೆ ಬಾಳೆಹಣ್ಣಿನ ಬಗ್ಗೆ ನಾನು ಹೇಳಿದ್ದಕ್ಕೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ.